ವಯಸ್ಸಾದ ಮ್ಯಾಲ ಕುದರಿ ಹತ್ತೂದು ಹೆಂಗ? ಮೊಣಕಾಲು, ಸೊಂಟ, ಕಟ್ಟಿ ಮತ್ತ ಕುದರಿ ಬೆನ್ನಿನ ಲೆಕ್ಕ

ಆಷಾಢ ಹತ್ರ ಬಂತಂದ್ರ ನಮ್ಮ ಸೋಲಾಪುರ ಜಿಲ್ಲಾದಾಗ ಕುದರಿ ಮಾತು ಚಾಲೂ ಆಗ್ತದ. ಜ್ಞಾನೇಶ್ವರ ಮಹಾರಾಜರ ಪಾಲಖಿ ಜೋಡಿ ನಡಿಯೋ ಕುದರಿಗಳು ಬೆಳಗಾವಿ ಜಿಲ್ಲೆಯ ಅಂಕಲಿಯಿಂದ, ಶಿತೋಳೆ ಸರಕಾರರ ಮನಿಯಿಂದ ಆಳಂದಿಗೆ ಹೋಗ್ತಾವ, ಮುಂದ ಮಾಳಶಿರಸ ತಾಲೂಕಿನ ಸದಾಶಿವನಗರ, ಖುಡೂಸ ಕಡೆ ರಿಂಗಣ, ಅಂದ್ರ ವಾರಕರಿಗಳ ನಡುವ ಕುದರಿ ಸುತ್ತು ಓಡಸೋ ಪದ್ಧತಿ, ಆದಾಗ ಒಂದರ ಮ್ಯಾಲ ಸವಾರ ಇರ್ತಾನ, ಇನ್ನೊಂದರ ಮ್ಯಾಲ ಮಾವುಲಿ (ಜ್ಞಾನೇಶ್ವರ ಮಹಾರಾಜರೇ) ಕುಂತಾರ ಅಂತ ಖಾಲಿನೇ ಓಡಸ್ತಾರ. ಅದನ್ನ ನೋಡ್ಕೋತ ನಿಂತ ಹಿರ್‍ಯಾರ ಬಾಯಾಗ ಒಂದ ಮಾತು ಕೇಳಿ ಕೇಳಿ ಈ ಲೇಖನ ಬರೀಬೇಕು ಅನಿಸ್ತು. "ಮ್ಯಾಲ ಕುಂತ್ರ ಈಗೂ ಪಂಢರಪುರ ಮುಟ್ತೀನಿ, ಹತ್ತೂದು ಮಾತ್ರ ಆಗವಲ್ದು" ಅಂತಾರ.

ಇದು ನೂರಕ್ಕ ನೂರು ಖರೆ ಮಾತು. ಸವಾರಿ ಮಾಡಲಿಕ್ಕ ಬೇಕಾಗೋದು ಬ್ಯಾಲೆನ್ಸ್ ಮತ್ತ ಅನುಭವ, ಅದು 65ಕ್ಕೂ ಉಳೀತದ. ಹತ್ತಲಿಕ್ಕ ಬೇಕಾಗೋದು ಬ್ಯಾರೇನೇ. ಅದಕ್ಕ ಹತ್ತೂದು ಆಗವಲ್ದು ಅಂತ ಸವಾರಿನೇ ಬಿಡೋದು, ಕುದರಿ ಮಾರೋದು ನನಗ ಸರಿ ಅನಸೂದಿಲ್ಲ. ಹತ್ತೋ ಪದ್ಧತಿ ಬದಲಿ ಮಾಡ್ಕೋರಿ.

ಮೈಯಾಗ ಏನಾಗಿರ್ತದ

ಮನಿ ಮೆಟ್ಟಲಾ ಒಂದೊಂದು 6-7 ಇಂಚು ಇರ್ತದ. ಸಾಧಾರಣ ಎತ್ತರದ ಕುದರಿ ರಿಕೀಬು, ಅಂದ್ರ ಜೀನಿನಿಂದ ಜೋತು ಬಿದ್ದ ಕಾಲಿಡೋ ಬಳಿ, ನೆಲದಿಂದ ಎರಡೂವರೆ-ಮೂರು ಫೂಟ ಮ್ಯಾಲ ಇರ್ತದ, ಅಂದ್ರ ನಾಕೈದು ಮೆಟ್ಟಲಾ ಒಂದ ಹೆಜ್ಜಿಗೆ ಹತ್ತಿದಂಗ ಆತು, ಅದೂ ಒಂದ ಕಾಲ ಮ್ಯಾಲ, ಅದೂ ಅಲ್ಲಾಡೋ ಪ್ರಾಣಿ ಬಾಜೂಕ ನಿಂತು. ಎಡಗಾಲ ಮೊಣಕಾಲು ಎದಿ ಹತ್ರ ಬರೋಹಂಗ ಎತ್ತಬೇಕು, ಅಲ್ಲಿ ಸೊಂಟದ ಕೀಲು ಪೂರ್ತಿ ಬಗ್ಗಬೇಕಾಗ್ತದ. ಆಮ್ಯಾಲ ಅದೇ ಕಾಲಿನ ತೊಡಿ ಸ್ನಾಯು ಇಡೀ ಮೈಭಾರ ಎತ್ತಬೇಕು. ಆಮ್ಯಾಲ ಬಲಗಾಲು ಕುದರಿ ಹಿಂಭಾಗದ ಮ್ಯಾಲಿಂದ ಹಾಯ್ಸಬೇಕು, ಅದಕ್ಕ ಬಲಗಡೆ ಸೊಂಟ ಹೊರಗ ತೆರೀಬೇಕು. ಕೀಲು ಸವದವರಿಗೆ ಈ ಮೂರರಾಗ ಒಂದಾದ್ರೂ ಕೈ ಕೊಡ್ತದ.

30 ದಾಟಿದ ಮ್ಯಾಲ ಹತ್ತತ್ತು ವರ್ಷಕ್ಕ ಸ್ನಾಯು 3ರಿಂದ 8 ಪರ್ಸೆಂಟ್ ಕರಗ್ತದ ಅಂತ ಡಾಕ್ಟರು ಹೇಳ್ತಾರ, 60ರ ಮ್ಯಾಲ ಇನ್ನೂ ಜೋರು. ಅದರಾಗೂ ತಾಕತ್ತಿಗಿಂತ ಮೊದಲು ಹೋಗೋದು ಝಟಕಾ, ಅಂದ್ರ ಗಪ್ಪನೆ ಜಿಗಿಯೋ ಶಕ್ತಿ. ಚೀಲ ಎತ್ತಲಿಕ್ಕ ಬರ್ತದ, ಹೊಲದಾಗ ದಿನಾ ಪೂರಾ ನಿಲ್ಲಲಿಕ್ಕ ಬರ್ತದ, ಆದ್ರ ಕುದರಿಗೆ ಜಿಗಿಲಿಕ್ಕ ಬರಂಗಿಲ್ಲ, ಇದು ಯಾಕ ಅಂತ ಭಾಳ ಮಂದಿ ತಲಿ ಕೆಡಿಸ್ಕೋತಾರ, ಇದಕ್ಕನ. ಹೆಣ್ಣಮಕ್ಕಳಿಗೆ ಮುಟ್ಟು ನಿಂತ ಮ್ಯಾಲ ಎಲುಬು ಲಗೂ ಸವೀತಾವ, ಬಿದ್ರ ಮುರಿಯೋ ಭಯ ಹೆಚ್ಚು, ಸವಾರಿ ಮಾಡೋ ತಾಯಂದ್ರು ಒಮ್ಮೆ ಎಲುಬಿನ ಟೆಸ್ಟ್ ಮಾಡಿಸ್ಕೊಳ್ಳೋದು ಛಲೋ.

ಕುದರಿಗೆ ಏನಾಗ್ತದ

ಇದನ್ನ ಯಾರೂ ಕೇಳೂದಿಲ್ಲ, ಅದಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ. ನೆಲದಿಂದ ಹತ್ತಿದಾಗ ನಮ್ಮ ಭಾರ ಎಲ್ಲಾ ಎಡ ರಿಕೀಬಿನ ಮ್ಯಾಲ ಬೀಳ್ತದ, ಜೀನು ಎಡಕ್ಕ ಎಳೀತದ, ಆ ಎಳತ ತಡಿಯೋದು ಕುದರಿ ಹೆಗಲ ದಿಬ್ಬದ (ಕುತ್ತಿಗಿ ಬೆನ್ನಿಗೆ ಕೂಡೋ ಕಡೆ ಇರೋ ಉಬ್ಬು) ಬಲಗಡೆ. ಅಲ್ಲಿ ಜೀನು ಒತ್ತಿ ಒತ್ತಿ ನೋವು ಕೂಡ್ತದ. ತರುಣ ಹುಡುಗ ಜಿಗದ್ರ ಅರ್ಧ ಸೆಕೆಂಡಿನ ಕೆಲಸ. ನಾವು ತ್ರಾಸ ತಗೊಂಡು, ಮುಲುಕಿ, ಜೀನಿನ ಹಿಂದಿನ ಅಂಚು ಹಿಡದು ಜಗ್ಗಿ ಹತ್ತಿದ್ರ ಅದು ಐದಾರು ಸೆಕೆಂಡ ಆಗ್ತದ, ದಿನಾ ಆಗ್ತದ, ಜೀನಿನ ಒಳಗಿನ ಚೌಕಟ್ಟು ಸೈತ ತಿರುವಿಕೊಳ್ತದ.

ನಿಮ್ಮ ಜೀನು ಈಗ ತಗೊಂಡು ನೋಡ್ರಿ. ಎರಡೂ ರಿಕೀಬಿನ ಪಟ್ಟಾ ಬಿಚ್ಚಿ ಒಂದರ ಬಾಜೂಕ ಒಂದು ಇಟ್ಟು ತೂತಿಗೆ ತೂತು ಹೊಂದಸ್ರಿ. ಎಡಗಡೆದು ಉದ್ದ ಆಗಿರ್ತದ, ತೂತು ಮೊಟ್ಟಿ ಆಕಾರಕ್ಕ ಹಿಗ್ಗಿರ್ತಾವ, ಬಕಲ್ ಕೂಡೋ ಜಾಗಾದಾಗ ಚರ್ಮ ಬಿರಕು ಬಿಟ್ಟಿರ್ತದ. ಚರ್ಮನ ಇಷ್ಟು ಹಿಗ್ಗಿದ್ರ ಬೆನ್ನಿಗೆ ಏನಾಗಿರ್ತದ ವಿಚಾರ ಮಾಡ್ರಿ. ತಿಂಗಳಿಗೊಮ್ಮೆ ಎಡದ್ದು ಬಲಕ್ಕ, ಬಲದ್ದು ಎಡಕ್ಕ ಬದಲಿ ಮಾಡ್ತಾ ಹೋಗ್ರಿ, ಎರಡೂ ಸಮ ಉಳೀತಾವ. ಬಿರಕು ಆಳ ಇದ್ರ ಮಾತ್ರ ಬ್ಯಾರೆ ಪಟ್ಟಾನೇ ತರ್ರಿ, ಹತ್ತೋ ಹೊತ್ತಿನ್ಯಾಗ ಹರದ್ರ ನೀವು ಸೀದಾ ಕುದರಿ ಕಾಲಾಗ ಬೀಳ್ತೀರಿ.

ಮೊದಲು ಮನ್ಯಾಗ

ಗ್ವಾಡಿ ಹಿಡಕೊಂಡು ನಿಂತು ಎಡ ಮೊಣಕಾಲು ಸೊಂಟದ ಮಟ್ಟಕ್ಕ ಎತ್ರಿ, ಕೈ ಹಚ್ಚಲಾರದ. ಬಂತು? ಆಮ್ಯಾಲ ಬಲದ್ದು. ಯಾವ ಕಾಲು ಕಡಿಮಿ ಬರ್ತದ, ಯಾವ ಕಾಲಿಗೆ ತೊಡಿ ಸಂದಿನ್ಯಾಗ ಹಿಡೀತದ ನೆನಪಿಟ್ಕೋರಿ, ಮುಂದ ಬೇಕಾಗ್ತದ. ಖುರ್ಚಿ ಮ್ಯಾಲಿಂದ ಕೈ ಊರಲಾರದ ಎದ್ದು ಕುಂದ್ರೋದು ದಿನಾ ಹತ್ತು ಸಲ, ಮನಿ ಮೆಟ್ಟಲಾ ಒಂದನ್ನ ಒಂದೊಂದ ಕಾಲಿಲೆ ಹತ್ತಿ ಇಳಿಯೋದು, ಹಲ್ಲು ತಿಕ್ಕೋವಾಗ ಕಟ್ಟಿಗೆ ಕೈ ತಾಗಿಸಿ ಒಂದ ಕಾಲ ಮ್ಯಾಲ ನಿಲ್ಲೋದು, ಇಷ್ಟು ಸಾಕು. ಎರಡು-ಮೂರು ತಿಂಗಳ ಬಿಡಲಾರದ ಮಾಡಿದ್ರ ಫರಕ ಗೊತ್ತಾಗ್ತದ. ಮೊಣಕಾಲು ಬಾತಿದ್ರ, ರಾತ್ರಿ ನೋವು ಇದ್ರ ಮೊದಲು ಎಲುಬಿನ ಡಾಕ್ಟರಿಗೆ ತೋರಸ್ರಿ, ಆಮ್ಯಾಲ ವ್ಯಾಯಾಮ.

ಕಟ್ಟಿ ಕಟ್ಟಸ್ರಿ

ಈ ಲೇಖನದಾಗ ಒಂದ ಮಾತು ಕೇಳೋದಿದ್ರ ಇದೊಂದ ಕೇಳ್ರಿ. ಕಟ್ಟಿ ಮ್ಯಾಲಿಂದ ಹತ್ತಿದ್ರ ಮಂದಿ ನಗ್ತಾರ ಅಂತ ನಮ್ಮ ಕಡೆ ಗಂಡಸರು ನೆಲದಿಂದನ ಹತ್ತಲಿಕ್ಕ ಹೋಗ್ತಾರ, ಅದು ಮರ್ಯಾದಿ ಪ್ರಶ್ನಿ ಆಗ್ಯದ. ನನಗ ಇದು ಭಾಳ ಸಂಕಟ ಅನಸ್ತದ, ಯಾಕಂದ್ರ ಕಟ್ಟಿಯಿಂದ ಹತ್ತೂದು ಕುದರಿ ಬೆನ್ನು ಉಳಸೋ ಕೆಲಸ, 20 ವರ್ಷದ ಹುಡುಗನೂ ಹಂಗೇ ಹತ್ತಬೇಕು.

ನಮ್ಮ ಸೋದರಮಾವ ಮಂಗಳವೇಢಾ ಕಡೆ ಹೊಲದಾಗ ಇರ್ತಾರ. ಅವರ ಎಡ ಮೊಣಕಾಲು ಸವದದ. ಒಂದಿನ ಅವರು ರಿಕೀಬಿಗೆ ಕಾಲು ಇಡಲಿಕ್ಕ ಎಡಗೈಲೆ ತಮ್ಮ ಪ್ಯಾಂಟಿನ ಬಟ್ಟಿ ಹಿಡದು ಕಾಲು ಎತ್ತಿ ಎತ್ತಿ ಇಡ್ಲಿಕ್ಕತ್ತಿದ್ರು, ಕುದರಿ ಪ್ರತಿ ಸಲ ಒಂದ ಹೆಜ್ಜಿ ಆಚೆ ಸರೀತಿತ್ತು, ಇವರು ಒಂದ ಕಾಲಿಲೆ ಕುಂಟಕೋತ ಅದರ ಹಿಂದ. "ಮಾಮಾ, ವಡ್ಡಿನ ಮ್ಯಾಲ ನಿಲ್ರಿ, ಕುದರಿ ನಾ ತಗ್ಗಿನ್ಯಾಗ ತರ್ತೀನಿ" ಅಂದೆ. ಮೊದಲು ಒಪ್ಪಲಿಲ್ಲ. ಆಮ್ಯಾಲ ನಿಂತ್ರು, ಕಾಲು ಎತ್ತೋ ಕೆಲಸನ ಬೀಳಲಿಲ್ಲ, ಸುಮ್ಮ ಸರದು ಕುಂತ್ರು. "ಇಷ್ಟು ದಿನ ಯಾಕ ಹೇಳಲಿಲ್ಲಲೇ ತಮ್ಮಾ" ಅಂದ್ರು.

ಹಿಂಗಾಗಿ ರೊಕ್ಕ ಖರ್ಚಿಲ್ಲದ ಉಪಾಯ ಅಂದ್ರ ಹೊಲದ ವಡ್ಡು. ನೀವು ವಡ್ಡಿನ ಮ್ಯಾಲ, ಕುದರಿ ತಗ್ಗಿನ್ಯಾಗ. ಮಳಿ ಆದಾಗ ಕರಿ ಮಣ್ಣು ಜಾರ್ತದ, ಅವಾಗ ಬ್ಯಾಡ. ಮನಿ ಮುಂದ ಕಟ್ಟಸೋದಿದ್ರ ಕಲ್ಲು ಇಲ್ಲಾ ಇಟ್ಟಂಗಿ, ಎರಡು ಇಲ್ಲಾ ಮೂರು ಮೆಟ್ಟಲಾ, ಒಟ್ಟು ಎತ್ತರ 18ರಿಂದ 24 ಇಂಚು. ಲೆಕ್ಕ ಸರಳ ಅದ, ಮ್ಯಾಲಿನ ಮೆಟ್ಟಲಾ ಮ್ಯಾಲ ನಿಂತಾಗ ರಿಕೀಬು ನಿಮ್ಮ ಮೊಣಕಾಲಿನ ಮಟ್ಟಕ್ಕ ಇಲ್ಲಾ ಅದಕ್ಕೂ ಕೆಳಗ ಬರಬೇಕು. ಸೊಂಟ ಭಾಳ ಹಿಡದವರಿಗೆ ಇನ್ನೊಂದ ಮೆಟ್ಟಲಾ ಏರಸ್ರಿ, ತೊಂದ್ರಿ ಇಲ್ಲ. ಮ್ಯಾಲ ಎರಡೂ ಕಾಲು ಆರಾಮ ನಿಲ್ಲೋಷ್ಟು ಅಗಲ ಬೇಕು, ತಿರುಗಿ ನಿಲ್ಲಲಿಕ್ಕ ಬರಬೇಕು. ಮ್ಯಾಲ ನುಣ್ಣಗ ಗಿಲಾಯಿ ಮಾಡಸಬ್ಯಾಡ್ರಿ, ಖರಖರ ಇರ್ಲಿ. ಕೆಳಗ ಪೊಳ್ಳು ಇರಬಾರದು, ಸುತ್ತ ಮುಚ್ಚಿರಬೇಕು, ಇಲ್ಲಂದ್ರ ಕುದರಿ ಕಾಲು ಒಳಗ ಸಿಕ್ಕಿ ಮುರೀತದ. ಪ್ಲಾಸ್ಟಿಕ್ ಖುರ್ಚಿ, ಉಲ್ಟಾ ಬಕೇಟ್, ಟ್ರಾಕ್ಟರ್ ಟ್ರಾಲಿ, ಇವು ಯಾವುವೂ ಬ್ಯಾಡ.

ನಮ್ಮ ಕಡೆ ಭಾಳ ಕುದರಿಗಳಿಗೆ ಬರೇ ಗಾದಿ ಹಾಕಿರ್ತಾರ, ರಿಕೀಬೇ ಇರಂಗಿಲ್ಲ. ಅವಕ್ಕಂತೂ ಕಟ್ಟಿ ಬಿಟ್ರ ದಾರಿನೇ ಇಲ್ಲ.

ಕುದರಿಗೂ ಕಲಸಬೇಕು

ಕಟ್ಟಿ ಹತ್ರ ನಿಲ್ಲೋದು ಕುದರಿಗೆ ತಾನಾಗಿ ಬರಂಗಿಲ್ಲ. ಮೊದಲ ಕೆಲವು ದಿನ ಹತ್ತಬ್ಯಾಡ್ರಿ. ಕಟ್ಟಿ ಬಾಜೂಕ ತಂದು ನಿಲ್ಲಸ್ರಿ, ನಿಂತ್ರ ಕುತ್ತಿಗೆ ತಿಕ್ಕಿ ಹೊಗಳ್ರಿ, ಸರದ್ರ ಬೈಲಾರದ ಮತ್ತ ಅದ ಜಾಗಾಕ್ಕ ತರ್ರಿ. ಆಮ್ಯಾಲ ಕಟ್ಟಿ ಹತ್ತಿ ನಿಂತು ಅದರ ಬೆನ್ನಿನ ಮ್ಯಾಲ ಕೈ ಒರಗಸ್ರಿ, ಎತ್ತರದಾಗ ಮನಷ್ಯಾ ಕಂಡ್ರ ಕೆಲವು ಕುದರಿ ಬೆದರ್ತಾವ. ಹತ್ತಿ ಕುಂತ ಮ್ಯಾಲ ಲಗೇಚ ನಡಸಬ್ಯಾಡ್ರಿ, ಒಂದೆರಡು ದೊಡ್ಡ ಉಸುರು ತಗೊಂಡು ಆಮ್ಯಾಲ ಬಿಡ್ರಿ, ಹಂಗ ಮಾಡಿದ್ರ ಕುಂತ ಕೂಡ್ಲೇ ಓಡೋ ಚಟ ಹೋಗ್ತದ. ಮೊದಲು ಛಂದ ನಿಲ್ಲೋ ಕುದರಿ ಈಗ ಹತ್ತೋ ಹೊತ್ತಿಗೆ ಕಿವಿ ಹಿಂದ ಮಾಡಿ ಸರೀಲಿಕ್ಕತ್ತಿದ್ರ ಅದು ಮಸ್ತಿ ಅಂತ ಹೊಡೀಬ್ಯಾಡ್ರಿ. ಜೀನು ಚುಚ್ಚಲಿಕ್ಕತ್ತದ, ಇಲ್ಲಾ ಬೆನ್ನು ನೋಯ್ತದ, ಜನಾವರ ಡಾಕ್ಟರನ್ನ ಕರಸ್ರಿ.

ಈಗ ಹತ್ರಿ

ತಲಿಗೆ ಸವಾರಿ ಹೆಲ್ಮೆಟ್. ರಕ್ತ ತೆಳು ಮಾಡೋ ಗುಳಿಗಿ ತಗೊಳ್ಳೋವರಿಗೆ ಇದು ಜೀವದ ಪ್ರಶ್ನಿ, ತಲಿಗೆ ಸಣ್ಣ ಪೆಟ್ಟು ಬಿದ್ರೂ ಒಳಗ ರಕ್ತ ಕೂಡಬಹುದು. ಕಾಲಿಗೆ ಸಣ್ಣ ಹಿಮ್ಮಡಿ ಇರೋ ಬೂಟು, ಚಪ್ಪಲ್ ಬ್ಯಾಡ. ರಿಕೀಬು ಬೂಟಿಗಿಂತ ಸುಮಾರು ಒಂದ ಇಂಚು ಅಗಲ ಇರ್ಲಿ, ಬಿದ್ದಾಗ ಕಾಲು ಬಿಡಿಸಿ ಬರಬೇಕು.

ತಂಗ, ಅಂದ್ರ ಕುದರಿ ಹೊಟ್ಟಿ ಕೆಳಗಿಂದ ಜೀನು ಬಿಗಿಯೋ ಪಟ್ಟಾ, ಬಿಗಿ ಅದನೋ ಇಲ್ಲೋ ನೋಡ್ರಿ. ಬಿಗಿಯೋ ಹೊತ್ತಿಗೆ ಭಾಳ ಕುದರಿ ಹೊಟ್ಟಿ ಉಬ್ಬಸ್ತಾವ, ಅದಕ್ಕ ನಾಕು ಹೆಜ್ಜಿ ನಡಿಸಿ ಮತ್ತೊಮ್ಮೆ ಬಿಗೀರಿ. ಒಬ್ಬರು ಎದುರಿಗೆ ಲಗಾಮು ಹಿಡೀಲಿ, ಅವರೇ ಬಲ ರಿಕೀಬನ್ನ ಕೆಳಗ ಒತ್ತಿ ಹಿಡದ್ರ ಜೀನು ಎಡಕ್ಕ ಜಾರೂದಿಲ್ಲ.

ಎಡಗೈಯಾಗ ಲಗಾಮು ಮತ್ತ ಒಂದ ಹಿಡಿ ಕುತ್ತಿಗಿ ಕೂದಲು. ಬಲಗೈ ಜೀನಿನ ಮುಂಭಾಗಕ್ಕ, ಹಿಂದಿನ ಅಂಚಿಗಲ್ಲ, ಯಾಕಂದ್ರ ಹಿಂದ ಹಿಡದ್ರ ಬಲಗಾಲು ದಾಟೋ ಹೊತ್ತಿಗೆ ಕೈ ಬಿಡಬೇಕಾಗ್ತದ, ಅವಾಗೇ ಜೋಲಿ ಹೋಗ್ತದ. ಎಡಗಾಲು ರಿಕೀಬಿನ್ಯಾಗ, ಬೂಟಿನ ತುದಿ ಕುದರಿ ಹೊಟ್ಟಿಗೆ ಚುಚ್ಚಬಾರದು. ಎದಿ ಕುದರಿ ಕುತ್ತಿಗಿ ಕಡೆ ಬಗ್ಗಲಿ. ಬಲಗಾಲು ನೆಟ್ಟಗ ಬೀಸಲಿಕ್ಕ ಬರ್ಲಿಲ್ಲಂದ್ರ ಮೊಣಕಾಲು ಮಡಚಿ, ಮೊದಲು ಮೊಣಕಾಲು ದಾಟಿಸಿ ಆಮ್ಯಾಲ ಪಾದ ಇಳಸ್ರಿ. ಸೊಂಟ ಹಿಡದವರಿಗೆ ಈ ಒಂದ ಫರಕನ ಭಾಳ ಆಸರ. ಧಪ್ ಅಂತ ಕುಂದ್ರಬ್ಯಾಡ್ರಿ, ಹಗೂರ ಇಳೀರಿ.

ಯಾರರೆ ಮೀನಗಂಡ ಹಿಡದು ಎತ್ತೋ ಪದ್ಧತಿ ಅದ, ಆದ್ರ ಅದಕ್ಕೂ ನೀವು ಜಿಗೀಬೇಕಾಗ್ತದ, ಎತ್ತೋವರ ಸೊಂಟಾನೂ ಹೋಗ್ತದ. ಮೈಭಾರ ಇದ್ದವರಿಗೆ ಬ್ಯಾಡ.

ಎಡಾನೋ ಬಲಾನೋ

ಎಡಗಡೆಯಿಂದ ಹತ್ತೋ ರೂಢಿ ಬಂದಿದ್ದು ಸೊಂಟದ ಎಡಕ್ಕ ಖಡ್ಗ ಕಟ್ಟತಿದ್ದಕ್ಕ ಅಂತಾರ. ಈಗ ಖಡ್ಗ ಇಲ್ಲ. ಎಡ ಮೊಣಕಾಲು ಸವದಿದ್ರ ಬಲಗಡೆಯಿಂದ ಹತ್ರಿ, ಮೈ ಎತ್ತೋ ಕೆಲಸ ಬಲಗಾಲಿಗೆ ಹೋಗ್ತದ. ಬಲ ಸೊಂಟ ಹೊರಗ ತೆರೀದಿದ್ರೂ ಬಲಗಡೆಯಿಂದ ಹತ್ತಿದ್ರ ಬೀಸೋ ಕೆಲಸ ಎಡಗಾಲಿಗೆ ಬೀಳ್ತದ, ಆದ್ರ ಅವಾಗ ಬಲ ಸೊಂಟ ಮ್ಯಾಲ ಬಗ್ಗಬೇಕು, ಅದೂ ನೋವಿದ್ರ ಎತ್ತರದ ಕಟ್ಟಿನೇ ಬೇಕು. ಗ್ವಾಡಿ ಹತ್ರ ನೋಡಿದ ಪರೀಕ್ಷಾ ಇಲ್ಲಿ ಉಪಯೋಗ ಆಗ್ತದ. ಕುದರಿಗೆ ಬಲಗಡೆ ಹೊಸದು, ಗಾಬರಿ ಆಗ್ತದ, ಅದಕ್ಕೂ ನಿಧಾನ ರೂಢಿ ಮಾಡಸ್ರಿ. ಎರಡೂ ಕಡೆಯಿಂದ ಹತ್ತಿದ್ರ ಅದರ ಬೆನ್ನಿಗೂ ಹಿತ.

ಸೊಂಟದ ಕೀಲು ಬದಲಿ ಆಪರೇಶನ್ ಆದವರು ಮೊದಲ 6ರಿಂದ 12 ವಾರ ಸೊಂಟ 90 ಡಿಗ್ರಿ ಮೀರಿ ಬಗ್ಗಿಸಬಾರದು, ಕಾಲಿನ ಮ್ಯಾಲ ಕಾಲು ಹಾಕಬಾರದು ಅಂತ ಸಾಮಾನ್ಯವಾಗಿ ಹೇಳಿರ್ತಾರ. ನೆಲದಿಂದ ಕುದರಿ ಹತ್ತಿದ್ರ ಸೊಂಟ 90 ಮೀರೇ ಬಗ್ತದ, ಕೀಲು ತಪ್ಪಬಹುದು. ಹಂಗಾಗಿ ಸರ್ಜನ್ನರಿಗೆ "ಕುದರಿ ಹತ್ತಲ್ಯಾ" ಅಂತ ಅಷ್ಟೇ ಕೇಳಬ್ಯಾಡ್ರಿ, ಕಾಲು ಎಷ್ಟು ಎತ್ತಬೇಕು, ಕಟ್ಟಿ ಎಷ್ಟು ಎತ್ತರ, ಯಾವ ಕಡೆಯಿಂದ ಹತ್ತೀರಿ ಎಲ್ಲಾ ಹೇಳಿ ಕೇಳ್ರಿ.

ಇಳಿಯೋದು

ಹತ್ತೋ ಚಿಂತಿನ್ಯಾಗ ಇಳಿಯೋದು ಮರೀತಾರ. ಮೊದಲು ಎರಡೂ ಕಾಲು ರಿಕೀಬಿನಿಂದ ತಗೀರಿ. ಒಂದ ಕಾಲು ಒಳಗ ಇಟ್ಟು ಇಳದಾಗ ಕುದರಿ ನಡದ್ರ ಎಳಕೊಂಡು ಹೋಗ್ತದ. ಮುಂದಕ್ಕ ಬಗ್ಗಿ, ಬಲಗಾಲು ದಾಟಿಸಿ, ಹೊಟ್ಟಿ ಜೀನಿಗೆ ತಾಗಿಸ್ಕೊಂಡು ಜಾರ್ರಿ, ಮೊಣಕಾಲು ಸ್ವಲ್ಪ ಮಡಚಿ ನೆಲಕ್ಕ ಕಾಲು ಊರ್ರಿ. ಮೊಣಕಾಲು ಸವದವರು ಕಟ್ಟಿ ಮ್ಯಾಲೇ ಇಳೀರಿ. ತಾಸುಗಟ್ಲೆ ಸವಾರಿ ಆದ ಮ್ಯಾಲ ಕಾಲು ಜೋಮು ಹಿಡದಿರ್ತಾವ, ಜೀನು ಬಿಡಲಾರದ ಸ್ವಲ್ಪ ಹೊತ್ತು ನಿಲ್ರಿ.

ಹೊಸ ಕುದರಿ ತಗೊಳ್ಳೋವರಿಗೆ

ಗಿಡ್ಡ ಕುದರಿ ತಂದ್ರ ಹತ್ತೂದು ಸೋವಿ ಅಂತ ಅನಸ್ತದ, ಖರೇನೇ. ಆದ್ರ ಸವಾರ ಮತ್ತ ಜೀನು ಕೂಡಿ ಕುದರಿ ತೂಕದ 20 ಪರ್ಸೆಂಟ್ ಮೀರಬಾರದು ಅಂತ ಒಂದ ಲೆಕ್ಕ ಅದ. 300 ಕಿಲೋ ಕುದರಿಗೆ 60 ಕಿಲೋ ಆತು. 80 ಕಿಲೋ ಮನಷ್ಯಾಗ, 10 ಕಿಲೋ ಜೀನು ಹಿಡದ್ರ, 450 ಕಿಲೋ ಕುದರಿ ಬೇಕು. ಎತ್ತರ ಕೇಳೋವಾಗ ಒಂದ ಕೈ ಅಂದ್ರ 4 ಇಂಚು, 15 ಕೈ ಅಂದ್ರ 5 ಫೂಟ, ಅದೂ ಹೆಗಲ ದಿಬ್ಬದ ತನಕ. ಅಕಲೂಜ ಬಜಾರಕ್ಕ ಹೋದ್ರ ವ್ಯಾಪಾರಿ ಮೊದಲು ನಾಚ್ ತೋರಸ್ತಾನ, ಚಾಲ ತೋರಸ್ತಾನ. ನೀವು ಒಂದ ಎತ್ತರದ ಜಾಗಾ ಹುಡುಕಿ ಅದರ ಬಾಜೂಕ ಕುದರಿ ನಿಲ್ಲಸು ಅನ್ರಿ, ಎರಡೂ ಕಡೆಯಿಂದ ಬೆನ್ನಿನ ಮ್ಯಾಲ ಭಾರ ಒರಗಸ್ರಿ. ಅಷ್ಟರಾಗ ಅದು ಎಷ್ಟು ಸಲ ಸರೀತದ, ಕಿವಿ ಎತ್ತಾಗ ಹೋಗ್ತಾವ ನೋಡಿ ಆಮ್ಯಾಲ ರೇಟ್ ಮಾತಾಡ್ರಿ.