ಜೀನ್ಸ್ ಜೇಬಿನ ಮೇಲೊಂದು ಮಾಟ್ಯೊ ಗುಲಾಬಿ

ಹಂಗೇರಿಯ ಹಳ್ಳಿ ಕಸೂತಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಗುಲಾಬಿ. ತೋಟದಲ್ಲಿ ಬಿಡುವಂಥದ್ದಲ್ಲ. ಗುಂಡಗೆ, ಸುತ್ತಿನೊಳಗೆ ಸುತ್ತಾಗಿ, ಕೆಂಪು ಹಳದಿ ನೀಲಿ ಎಲ್ಲವೂ ಜಗಳಕ್ಕೆ ನಿಂತಂತಿರುವ ಹೂವು. ಅಂಗಿ ತುಂಬ ಹೊಲಿದುಕೊಂಡರೆ ನಾಟಕದ ವೇಷದಂತೆ ಕಾಣುತ್ತದೆ. ಒಂದೇ ಒಂದನ್ನು ಜೀನ್ಸ್ ಜೇಬಿಗೋ ಬಿಳಿ ಅಂಗಿಯ ಕಾಲರ್ ತುದಿಗೋ ಹಾಕಿ ನೋಡಿ. ಆಫೀಸಿಗೂ ಸರಿ, ತರಕಾರಿ ತರಲಿಕ್ಕೂ ಸರಿ.

ಮೊದಲು ಊರು ಆರಿಸಿಕೊಳ್ಳಿ

ಹಂಗೇರಿ ಕಸೂತಿ ಅಂತ ಒಂದೇ ಬಗೆ ಇಲ್ಲ. ಊರು ಬದಲಾದಂತೆ ಹೂವೂ ಬದಲಾಗುತ್ತದೆ.

ಈ ಗುಲಾಬಿ ಮಾಟ್ಯೊ ಜನರದ್ದು. ದೇಶದ ಈಶಾನ್ಯದ ಮೆಜೊಕೊವೆಶ್ದ್ ಮತ್ತು ಅದರ ಪಕ್ಕದ ಟಾರ್ಡ್, ಸೆಂಟಿಷ್ಟ್ವಾನ್ ಇವರ ಊರುಗಳು. 2012ರಲ್ಲಿ ಈ ಕಲೆ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಡ್ಯಾನ್ಯೂಬ್ ನದಿಯ ಹತ್ತಿರವಿರುವ, ಪಾಪ್ರಿಕಾ ಮೆಣಸಿನಪುಡಿಗೆ ಹೆಸರಾದ ಕಲೊಚಾದಲ್ಲಿ ಹೂಗಳು ಬಿಡಿ ಬಿಡಿ. ಅಲ್ಲಿನ ಹೆಂಗಸರು ಅದೇ ಹೂಗಳನ್ನು ಮನೆಯ ಗೋಡೆಗೂ ಬಳಿಯುತ್ತಿದ್ದರು. ಇನ್ನು ಕಲೊಟಸೆಗ್ ಎಂಬ ಸೀಮೆ ಈಗ ರೊಮೇನಿಯಾದಲ್ಲಿದೆ, ಆದರೆ ಈ ಕಸೂತಿ ಅಲ್ಲಿನ ಹಂಗೇರಿಯನ್ ಜನರದ್ದು. ಅಲ್ಲಿ ಇಡೀ ಚಿತ್ರಕ್ಕೆ ಒಂದೇ ಬಣ್ಣ: ಕೆಂಪು, ನೀಲಿ ಅಥವಾ ಕಪ್ಪು. ಹೊಲಿಗೆ ಮಾತ್ರ ಅಗಲವಾದ ಸರಪಳಿ. ಜಾಸ್ತಿ ಬಣ್ಣ ಹಾಕಿಕೊಳ್ಳಲು ಸಂಕೋಚವಿದ್ದರೆ ಇದನ್ನೇ ಹಿಡಿಯಿರಿ. ಕಪ್ಪು ಕುರ್ತಾದ ಮೇಲೆ ಕೆಂಪು ಸರಪಳಿ ನನಗಂತೂ ತುಂಬ ಇಷ್ಟ.

ಒಂದೇ ಬಟ್ಟೆಯ ಮೇಲೆ ಮೂರನ್ನೂ ಬೆರೆಸಬೇಡಿ. ಇಳಕಲ್ ಸೆರಗು ತಂದು ಮೈಸೂರು ಸಿಲ್ಕಿಗೆ ಹೊಲಿದಂತಾಗುತ್ತದೆ. ಇಲ್ಲಿಂದ ಮುಂದೆ ನಾನು ಹೇಳುವುದು ಮಾಟ್ಯೊ ಗುಲಾಬಿಯ ಲೆಕ್ಕ.

ಬಟ್ಟೆ, ದಾರ, ಒಂದು ಪರೀಕ್ಷೆ

ಒತ್ತಾಗಿ ನೇಯ್ದ ಹತ್ತಿ ಬಟ್ಟೆ, ಲಿನನ್, ಜೀನ್ಸ್ ಆಗಬಹುದು. ಹೊಸದಾದರೆ ಒಮ್ಮೆ ಒಗೆದು ಒಣಗಿಸಿ. ಇಲ್ಲದಿದ್ದರೆ ಆಮೇಲೆ ಬಟ್ಟೆ ಕುಗ್ಗಿ ಹೂವಿನ ಸುತ್ತ ಸುಕ್ಕು ಬೀಳುತ್ತದೆ. ಟೀ ಶರ್ಟಿನಂತೆ ಎಳೆದರೆ ಹಿಗ್ಗುವ ಬಟ್ಟೆಯಾದರೆ ಹಿಂಬದಿಗೆ ಟೈಲರ್ ಬಳಸುವ ಪೇಸ್ಟಿಂಗ್ ಬಟ್ಟೆ ಅಂಟಿಸಿಕೊಳ್ಳಿ.

ದಾರ ಸಾಮಾನ್ಯ ಆರೆಳೆಯ ಹತ್ತಿ ಲಡಿ. ಅಂಗಿಗೆ ಎರಡೆಳೆ, ಜೀನ್ಸಿಗೆ ಮೂರು.

ದಾರದ ಬಣ್ಣ ಬಿಡುತ್ತದೋ ಇಲ್ಲವೋ ಅಂತ ಮೊದಲೇ ನೋಡಿ. ಒದ್ದೆ ಬಿಳಿ ಬಟ್ಟೆಯ ನಡುವೆ ದಾರವಿಟ್ಟು ಬಿಸಿ ಇಸ್ತ್ರಿ ಒತ್ತಿದರೆ ಗೊತ್ತಾಗುತ್ತದೆ. ನಾನು ಒಮ್ಮೆ ಇದನ್ನು ಬಿಟ್ಟೆ. ಹದಿನೈದು ದಿನ ಕೂತು ಹೊಲಿದ ಬಿಳಿ ಅಂಗಿ ಮೊದಲ ಒಗೆತಕ್ಕೇ ಗುಲಾಬಿ ಬಣ್ಣಕ್ಕೆ ತಿರುಗಿತು. ಕಲೊಚಾದ ಹೆಂಗಸರು ಮೊದಲು ಬರೀ ಬಿಳಿ ದಾರದಲ್ಲಿ ಹೊಲಿಯುತ್ತಿದ್ದರು, ಬಣ್ಣಗಳು ಬಂದದ್ದು ಆಮೇಲೆ. ಅವತ್ತು ನನಗೆ ಬಿಳಿಯೇ ಚೆನ್ನಾಗಿತ್ತು ಅನ್ನಿಸಿತು.

ಚಿತ್ರ ಬರೆಯುವುದು

ಹಳೆಯ ಮಾಟ್ಯೊ ಊರುಗಳಲ್ಲಿ ಬಟ್ಟೆಯ ಮೇಲೆ ಚಿತ್ರ ಮೂಡಿಸಿಕೊಡುವವರೇ ಬೇರೆ ಇರುತ್ತಿದ್ದರು. ಅವರನ್ನು ಕರೆಯುತ್ತಿದ್ದ ಹೆಸರಿನ ಅರ್ಥ 'ಬರೆಯುವ ಹೆಂಗಸು'. ನಾವೂ ಚಿತ್ರ ಬರೆಯುತ್ತೇವೆ, ರಂಗೋಲಿ ಬರೆಯುತ್ತೇವೆ ಅಂತಲೇ ಹೇಳುತ್ತೇವೆ, ಅಲ್ವಾ? ಇವರಲ್ಲಿ ತುಂಬ ಹೆಸರು ಮಾಡಿದವರು ಮೆಜೊಕೊವೆಶ್ದ್‌ನ ಕಿಶ್ ಯಾಂಕೋ ಬೋರಿ (1876-1954). ನೂರು ಗುಲಾಬಿಗಳ ವಿನ್ಯಾಸ ಅವರದ್ದೇ.

ಧಾರವಾಡದ ಕಡೆಯ ಕಸೂತಿ ಗೊತ್ತಿರುವವರು ಇಲ್ಲಿ ಸ್ವಲ್ಪ ಎಡವುತ್ತಾರೆ. ಅದರ ಗವಂತಿ, ಮುರ್ಗಿ ಹೊಲಿಗೆ ಹಾಕುವಾಗ ನಾವು ಬಟ್ಟೆಯ ಎಳೆ ಎಣಿಸುತ್ತೇವೆ, ಚಿತ್ರ ಬರೆದುಕೊಳ್ಳುವುದಿಲ್ಲ. ಮಾಟ್ಯೊದಲ್ಲಿ ಎಣಿಕೆ ಇಲ್ಲವೇ ಇಲ್ಲ. ಗೆರೆ ಬರೆ, ಒಳಗೆ ತುಂಬು, ಅಷ್ಟೇ.

ನಾಲ್ಕೈದು ಸೆಂಟಿಮೀಟರಿನ ಒಂದು ವೃತ್ತ ಬರೆಯಿರಿ. ಬಳೆ, ಬಟ್ಟಲು ಏನಾದರೂ ಸರಿ. ಒಳಗೆ ಇನ್ನೆರಡು ವೃತ್ತ. ನಡುವಿನದು ಗುಂಡಗೇ ಇರಲಿ. ಉಳಿದೆರಡರ ಅಂಚನ್ನು ಅಲೆಅಲೆಯಾಗಿ ತಿದ್ದಿದರೆ ಎಸಳುಗಳಾದವು. ಪಕ್ಕದಲ್ಲಿ ಎರಡು ಎಲೆ, ಒಂದು ಮೊಗ್ಗು ಸಾಕು. ಕಪ್ಪು ಬಟ್ಟೆಗೆ ಹಳದಿ ಕಾರ್ಬನ್ ಪೇಪರ್ ಇಟ್ಟು ಇಳಿಸಿಕೊಳ್ಳಿ. ನೀರಲ್ಲಿ ಅಳಿಸುವ ಪೆನ್ನಾದರೆ ಗೆರೆ ಹೋಗುವವರೆಗೂ ಇಸ್ತ್ರಿ ಮುಟ್ಟಿಸಬೇಡಿ. ಬಿಸಿ ತಾಗಿದರೆ ಗೆರೆ ಅಲ್ಲೇ ಕೂತುಬಿಡುತ್ತದೆ.

ತುಂಬುವುದು

ಕೈ ಪಳಗಬೇಕಾದದ್ದು ಇಲ್ಲಿ. ಬಟ್ಟೆಯನ್ನು ರಿಂಗಿಗೆ ಬಿಗಿದು, ಮೊದಲು ಎಸಳಿನ ಗೆರೆಯ ಮೇಲೆ ಸಣ್ಣ ಹಿಂಹೊಲಿಗೆ, ಅಂದರೆ ಪ್ರತಿ ಸಲ ಸೂಜಿಯನ್ನು ಒಂದು ಹೆಜ್ಜೆ ಹಿಂದೆ ತಂದು ಹಾಕುವ ಹೊಲಿಗೆ, ಹಾಕಿ. ಆ ಗೆರೆಯನ್ನು ಮುಚ್ಚುವಂತೆ ಸ್ಯಾಟಿನ್ ಹೊಲಿಗೆ (ಪಕ್ಕಪಕ್ಕಕ್ಕೆ ಒತ್ತಾಗಿ ಹಾಕುವ ನೇರ ಹೊಲಿಗೆ) ಹಾಕಿದರೆ ಅಂಚು ಕತ್ತರಿಸಿಟ್ಟಷ್ಟು ಚೊಕ್ಕವಾಗಿ ಬರುತ್ತದೆ. ಈ ಉಪಾಯ ಗೊತ್ತಾಗುವವರೆಗೆ ನನ್ನ ಎಸಳುಗಳೆಲ್ಲ ಇಲಿ ಕಡಿದ ಹಾಗಿದ್ದವು.

ಹೊಲಿಗೆಗಳೆಲ್ಲ ಹೂವಿನ ನಡುವಿನ ಕಡೆಗೆ ಮುಖ ಮಾಡಿರಬೇಕು, ಗಾಡಿ ಚಕ್ರದ ಕಡ್ಡಿಗಳಂತೆ. ಪ್ರತಿ ಎಸಳಿನ ಮಧ್ಯದಿಂದ ಶುರು ಮಾಡಿ ಒಂದು ಪಕ್ಕ ಮುಗಿಸಿ, ಆಮೇಲೆ ಇನ್ನೊಂದು. ಅಂಚಿನಿಂದ ಶುರು ಮಾಡಿದರೆ ಓರೆ ತಪ್ಪಿ ಹೂವು ತಿರುಚಿಕೊಳ್ಳುತ್ತದೆ. ಒಂದೊಂದು ಹೊಲಿಗೆ ಒಂದು ಸೆಂಟಿಮೀಟರ್ ದಾಟಬಾರದು. ಉದ್ದ ಹೊಲಿಗೆಯ ದಾರ ಬಳೆಗೆ, ಬ್ಯಾಗಿನ ಜಿಪ್ಪಿಗೆ ಸಿಕ್ಕಿ ಎದ್ದು ಬರುತ್ತದೆ. ನಿತ್ಯ ಹಾಕುವ ಬಟ್ಟೆಗೆ ಸುತ್ತಿನೊಳಗೆ ಸುತ್ತಿರುವ ಈ ಗುಲಾಬಿ ಒಗ್ಗುವುದೂ ಅದಕ್ಕೇ: ಪ್ರತಿ ಸುತ್ತೂ ಚಿಕ್ಕದು, ಹೊಲಿಗೆಯೂ ಗಿಡ್ಡ.

ಬಣ್ಣ ಹೊರಗೆ ಗಾಢ ಕೆಂಪು, ಒಳಗೆ ತಿಳಿ ಕೆಂಪು, ನಡುವೆ ಹಳದಿ. ಎಲೆ ಹಸಿರು, ಮೊಗ್ಗು ನೀಲಿ. ಇಷ್ಟಕ್ಕೆ ನಿಲ್ಲಿಸಿ. ಜರಿ, ಮಿಣಮಿಣ ಚಮಕಿ ಸೇರಿಸುವ ಆಸೆ ನನಗೂ ಬಂದಿತ್ತು. ಮೆಜೊಕೊವೆಶ್ದ್‌ನಲ್ಲೂ ಒಂದು ಕಾಲಕ್ಕೆ ಈ ಹುಚ್ಚು ಹತ್ತಿತ್ತು. ಹೊಟ್ಟೆ ಗುರುಗುಟ್ಟಿದರೂ ಸರಿ, ಬಟ್ಟೆ ಹೊಳೆಯಲಿ ಎನ್ನುವ ಮಾತೇ ಅಲ್ಲಿ ಹುಟ್ಟಿತ್ತು. ಮನೆಗಳು ಸಾಲಕ್ಕೆ ಬೀಳುವಷ್ಟಾದಾಗ, 1920ರ ದಶಕದಲ್ಲಿ ಆ ಹೊಳೆಯುವ ಅಲಂಕಾರವನ್ನೆಲ್ಲ ರಾಶಿ ಹಾಕಿ ಸುಟ್ಟರು. ಬರೀ ದಾರದ ಗುಲಾಬಿ ಉಳಿಯಿತು.

ಹೊಲಿದಾದ ಮೇಲೆ

ಗಂಟು ದಪ್ಪವಾದರೆ ಮೈಗೆ ಚುಚ್ಚುತ್ತದೆ, ಹಾಗಾಗಿ ದಾರದ ತುದಿಯನ್ನು ಹಿಂಬದಿಯ ಹೊಲಿಗೆಗಳ ಕೆಳಗೆ ತೂರಿಸಿ ಕತ್ತರಿಸಿ. ಒಗೆಯುವಾಗ ಒಳಮೈ ಹೊರಗೆ ಮಾಡಿ, ತಣ್ಣೀರಲ್ಲಿ ಹಾಕಿ, ಹಿಂಡಬೇಡಿ. ಇಸ್ತ್ರಿಗೆ ದಪ್ಪ ಟವೆಲ್ ಹಾಸಿ, ಹೂವಿನ ಮುಖ ಕೆಳಗೆ ಮಾಡಿ ಹಿಂಬದಿಯಿಂದ ಒತ್ತಿ. ಎಸಳುಗಳು ಟವೆಲ್ಲಿನ ಮೆತ್ತೆಯೊಳಗೆ ಇಳಿದು ಚಪ್ಪಟೆಯಾಗದೆ ಉಬ್ಬಿಕೊಂಡೇ ಇರುತ್ತವೆ.