ಹಳೆ ಕಾರಿನ ಟೈಮಿಂಗ್ ಬೆಲ್ಟ್: ಬೆಲ್ಟ್ ಒಂದನ್ನೇ ಹಾಕಿ ಮುಚ್ಚಬೇಡಿ

ಹಳೆ ಕಾರು ಕೊಂಡಿದ್ದೀರಿ, ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ ಅನ್ನುವುದಕ್ಕೆ ಬಿಲ್ಲು ಇಲ್ಲವಾ? ಹಾಗಾದರೆ ಬದಲಾಗಿಲ್ಲ ಅಂತಲೇ ಲೆಕ್ಕ ಹಾಕಿ. ಎಂಜಿನ್ನಿನ ಪಿಸ್ಟನ್, ವಾಲ್ವ್‌ಗಳನ್ನು ಒಂದೇ ತಾಳದಲ್ಲಿ ನಡೆಸುವ ಈ ಬೆಲ್ಟ್ ರಬ್ಬರಿನದು, ಸುಮ್ನೆ ನಿಂತ ಗಾಡಿಯಲ್ಲೂ ಅದಕ್ಕೆ ವಯಸ್ಸಾಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಕಿಲೋಮೀಟರ್ ಜೊತೆ ವರ್ಷವನ್ನೂ ಕೊಟ್ಟಿರುವುದು ಅದಕ್ಕೇ. ಯಾವುದು ಮೊದಲು ಬರುತ್ತದೋ ಅದೇ ಗಡುವು. ಕವರ್ ತೆಗೆದು ನೋಡಿ, ಬಿರುಕಿಲ್ಲ, ಇನ್ನೂ ಓಡುತ್ತದೆ ಅಂತ ಬಿಡಬೇಡಿ. ನೋಡಲು ಚೆನ್ನಾಗಿರುವ ಬೆಲ್ಟೂ ಕಿತ್ತುಹೋಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೆಲ್ಟ್ ಬದಲು ಚೈನ್ ಇರುತ್ತದೆ, ಅದನ್ನು ಮೊದಲೇ ತಿಳಿದುಕೊಳ್ಳಿ.

ಇಷ್ಟು ಭಯ ಯಾಕೆ ಅಂದರೆ, ಪಿಸ್ಟನ್‌ಗಳಿಂದ ತಿರುಗುವ ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದ ಹಾಗೆ ಹಿಡಿದಿರುವುದು ಬೆಲ್ಟಿನ ಹಲ್ಲುಗಳು. ಇಂಟರ್‌ಫಿಯರೆನ್ಸ್ ಎಂಜಿನ್ ಆಗಿದ್ದರೆ ಪಿಸ್ಟನ್ ಮತ್ತು ವಾಲ್ವ್ ಬೇರೆಬೇರೆ ಹೊತ್ತಿಗೆ ಒಂದೇ ಜಾಗಕ್ಕೆ ಬರುತ್ತವೆ. ಬೆಲ್ಟ್ ಕಿತ್ತರೆ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ, ತೆರೆದು ನಿಂತ ವಾಲ್ವ್‌ಗೆ ಬಡಿದು ಬಗ್ಗಿಸುತ್ತದೆ. ಆಮೇಲೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡೇ ಬಿಚ್ಚಬೇಕು.

ಈಗ ಮುಖ್ಯ ಮಾತು. ಬೆಲ್ಟ್ ಜೊತೆ, ಅದನ್ನು ಬಿಗಿಯಾಗಿಡುವ ಟೆನ್ಷನರ್, ಅದಕ್ಕೆ ದಾರಿ ಕೊಡುವ ಐಡ್ಲರ್ ಪುಲ್ಲಿ ಎರಡನ್ನೂ ಹೊಸದು ಹಾಕಿ. ಬೆಲ್ಟ್ ಎಷ್ಟೇ ಹೊಸದಿರಲಿ, ಹಳೆ ಟೆನ್ಷನರಿನ ಬೇರಿಂಗ್ ಹಿಡಿದುಕೊಂಡರೆ ಬೆಲ್ಟೂ ಹೋಯಿತು. ವಾಟರ್ ಪಂಪ್ ಅದೇ ಬೆಲ್ಟಿನಿಂದ ತಿರುಗುವಂಥದ್ದಾದರೆ ಅದನ್ನೂ ಬದಲಿಸಿ, ಏಕೆಂದರೆ ನಾಳೆ ಅದು ಸೋರಿದರೆ ಇದೇ ಬಿಚ್ಚುವ ಕೆಲಸ ಮತ್ತೆ ಮೊದಲಿನಿಂದ, ಅಲ್ವಾ? ಕ್ಯಾಮ್ ಮತ್ತು ಕ್ರ್ಯಾಂಕ್ ಆಯಿಲ್ ಸೀಲ್‌ಗಳ ಸುತ್ತ ಜಿಡ್ಡು ಕಂಡರೆ ಅವನ್ನೂ ಬಿಡಬೇಡಿ. ಆಯಿಲ್ ಬಿದ್ದ ಬೆಲ್ಟ್ ಬೇಗ ಹಾಳಾಗುತ್ತದೆ. ಸಾಮಾನ್ಯವಾಗಿ ಬೆಲ್ಟ್, ಟೆನ್ಷನರ್, ಐಡ್ಲರ್, ಕೆಲವೊಮ್ಮೆ ಪಂಪ್ ಕೂಡ ಒಂದೇ ಕಿಟ್‌ನಲ್ಲಿ ಸಿಗುತ್ತವೆ. ಇಡೀ ಕೆಲಸದಲ್ಲಿ ಶ್ರಮವೇ ಜಾಸ್ತಿ, ಹಾಗಾಗಿ ಇಲ್ಲಿ ಉಳಿತಾಯ ಮಾಡಲು ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ಕಳಚಿ. ಗಾಡಿ ಎತ್ತಿದರೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಪಂಪ್ ಬದಲಿಸುವುದಾದರೆ ಕೂಲೆಂಟ್ ಇಳಿಸಿ. ಅಡ್ಡ ಕೂರಿಸಿದ ಎಂಜಿನ್‌ಗಳಲ್ಲಿ ಬಹಳ ಸಲ ಬೆಲ್ಟ್ ಬದಿಯ ಎಂಜಿನ್ ಮೌಂಟ್ (ಎಂಜಿನ್ ಹಿಡಿದಿಡುವ ಆಧಾರ) ಬಿಚ್ಚಬೇಕಾಗುತ್ತದೆ. ಆಗ ಎಂಜಿನ್ ತಳದ ಆಯಿಲ್ ಸಂಪ್ ಕೆಳಗೆ ಮರದ ತುಂಡಿಟ್ಟು ಜಾಕ್‌ನಿಂದ ಎಂಜಿನ್‌ಗೆ ಆಸರೆ ಕೊಡಿ. ಸ್ಪಾರ್ಕ್ ಪ್ಲಗ್ ತೆಗೆದರೆ ಎಂಜಿನ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆ. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಮಾತ್ರ ಸತಾಯಿಸುತ್ತದೆ, ಉದ್ದ ಹಿಡಿಯ ಬಾರ್ ಮತ್ತು ಪುಲ್ಲಿ ಹಿಡಿಯುವ ಟೂಲ್ ಇಟ್ಟುಕೊಳ್ಳಿ. ಸ್ಟಾರ್ಟರ್ ಹೊಡೆದು ಸಡಿಲಿಸುವವರಿದ್ದಾರೆ, ಬಾರ್ ಹಾರಿದರೆ ಕೈ ಮುರಿಯುತ್ತದೆ, ಬೇಡವೇ ಬೇಡ.

ಬೆಲ್ಟ್ ಬಿಚ್ಚುವ ಮುಂಚೆ, ಎಂಜಿನ್ ಓಡುವ ದಿಕ್ಕಿನಲ್ಲೇ ಕ್ರ್ಯಾಂಕ್ ತಿರುಗಿಸಿ ಟೈಮಿಂಗ್ ಗುರುತುಗಳನ್ನು ಮ್ಯಾನ್ಯುಯಲ್ ಹೇಳಿದ ಜಾಗಕ್ಕೆ ತನ್ನಿ. ಹೆಚ್ಚಿನವುಗಳಲ್ಲಿ ಅದು ಒಂದನೇ ಸಿಲಿಂಡರಿನ ಪಿಸ್ಟನ್ ಕಂಪ್ರೆಷನ್‌ನಲ್ಲಿ, ಅಂದರೆ ಗಾಳಿ ಒತ್ತುವ ಹಂತದಲ್ಲಿ, ತೀರಾ ಮೇಲೆ ಬಂದ ಸ್ಥಾನ. ಕ್ರ್ಯಾಂಕ್ ಗುರುತು ಸರಿಯಿದ್ದು ಕ್ಯಾಮ್ ಗುರುತು ಎದುರು ಬದಿಗಿದ್ದರೆ ಇನ್ನೊಂದು ಸುತ್ತು ತಿರುಗಿಸಿ. ಫೋಟೋ ತೆಗೆದಿಡಿ. ಹಳೆ ಬೆಲ್ಟ್ ಮೇಲೂ ಪುಲ್ಲಿಗಳ ಮೇಲೂ ಪೇಂಟ್ ಹಚ್ಚಿ, ಗುರುತುಗಳ ನಡುವೆ ಎಷ್ಟು ಹಲ್ಲು ಇದೆ ಎಣಿಸಿ ಬರೆದುಕೊಳ್ಳಿ. ಹಳೆ ಡೀಸೆಲ್ ಎಂಜಿನ್ ಆದರೆ ಇಂಜೆಕ್ಷನ್ ಪಂಪಿನ ಪುಲ್ಲಿಗೂ ಗುರುತು ಇರಬಹುದು, ಮರೆಯಬೇಡಿ. ಬೆಲ್ಟ್ ಬಿಚ್ಚಿದ ಮೇಲೆ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಮನಸ್ಸಿಗೆ ಬಂದಂತೆ ತಿರುಗಿಸಬೇಡಿ.

ಹೊಸ ಬೆಲ್ಟನ್ನು ಮಡಚಬೇಡಿ, ತಿರುಚಬೇಡಿ, ಸ್ಕ್ರೂಡ್ರೈವರ್‌ನಿಂದ ಮೀಟಿ ಹಾಕಬೇಡಿ. ಅದರ ಮೇಲೆ ಬಾಣದ ಗುರುತಿದ್ದರೆ ಎಂಜಿನ್ ತಿರುಗುವ ದಿಕ್ಕಿಗೇ ಇರಲಿ. ಕ್ರ್ಯಾಂಕಿನಿಂದ ಶುರುಮಾಡಿ, ಟೆನ್ಷನರ್ ಇಲ್ಲದ ಬದಿಯಲ್ಲಿ ಒಂಚೂರೂ ಸಡಿಲ ಬಿಡದೆ ಎಳೆದುಕೊಂಡು ಬನ್ನಿ, ಉಳಿದ ಸಡಿಲವೆಲ್ಲ ಟೆನ್ಷನರ್ ಬದಿಗೆ ಬರಬೇಕು. ಆಮೇಲೆ ಟೆನ್ಷನರ್ ಬೆಲ್ಟನ್ನು ಒತ್ತಲು ಬಿಡಿ. ಹೈಡ್ರಾಲಿಕ್ ಆಗಿದ್ದು ಪಿನ್ ಹಾಕಿ ಬಂದಿದ್ದರೆ, ಬೆಲ್ಟ್ ಕೂತ ಮೇಲೆಯೇ ಪಿನ್ ಎಳೆಯಿರಿ.

ಇನ್ನು ಯಾವ ಅವಸರವಿದ್ದರೂ ಬಿಡಬಾರದ ಹೆಜ್ಜೆ. ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ಓಡುವ ದಿಕ್ಕಿಗೆ ಕೈಯಲ್ಲೇ ನಿಧಾನವಾಗಿ ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತುಗಳು ಮತ್ತೆ ಸೇರುತ್ತವಾ ನೋಡಿ. ಹೊಸ ಬೆಲ್ಟ್ ಮೇಲೂ ಪೇಂಟ್ ಗುರುತು ಹಚ್ಚಿದ್ದರೆ ಅದು ಈಗ ಸೇರುವುದಿಲ್ಲ, ಅದಕ್ಕೆ ಗಾಬರಿ ಬೇಡ, ಪುಲ್ಲಿಗಳ ಗುರುತಷ್ಟೇ ಮುಖ್ಯ. ಒಂದು ಹಲ್ಲು ಆಚೀಚೆ ಆಗಿದ್ದರೂ ಬಿಚ್ಚಿ ಮತ್ತೆ ಕೂರಿಸಿ. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಒತ್ತಡ ಹಾಕಬೇಡಿ. ಅದು ವಾಲ್ವ್‌ಗೆ ತಾಗುತ್ತಿರುವ ಪಿಸ್ಟನ್ ಇರಬಹುದು.

ಉಳಿದದ್ದು ಬಿಚ್ಚಿದ್ದರ ಉಲ್ಟಾ. ಬೋಲ್ಟ್‌ಗಳನ್ನು ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡಿ, ಕ್ರ್ಯಾಂಕ್ ಬೋಲ್ಟ್ ಹೊಸದೇ ಆಗಬೇಕು ಅಂತ ಮ್ಯಾನ್ಯುಯಲ್ ಹೇಳಿದರೆ ಹಾಗೇ ಮಾಡಿ. ಕೂಲೆಂಟ್ ತುಂಬಿ ಗಾಳಿ ತೆಗೆಯಿರಿ. ಸ್ಟಾರ್ಟ್ ಮಾಡಿದಾಗ ಕಿರುಗುಟ್ಟುವ ಅಥವಾ ಬಡಿಯುವ ಸದ್ದು ಬಂದರೆ ತಕ್ಷಣ ಆರಿಸಿ. ಒಂದೆರಡು ಸಲ ಓಡಿಸಿ, ತಣ್ಣಗಾದ ಮೇಲೆ ಕೂಲೆಂಟ್ ಮಟ್ಟ ಮತ್ತೆ ನೋಡಿ. ಕಿಲೋಮೀಟರ್ ಮತ್ತು ತಾರೀಕು ಬರೆದು ಬಾನೆಟ್ ಒಳಗೆ ಅಂಟಿಸಿಡಿ.