ಸ್ಪೇಸ್ ಎಣಿಸೋದು ಬಿಟ್ಟ ಮೇಲೆ ಕಾಲಂ ಸಾಲಿಗೆ ಬಂತು

ಕನ್ನಡ, ಇಂಗ್ಲಿಷ್, ಉರ್ದು ಮೂರೂ ಇರುವ ರಸೀದಿಯಲ್ಲಿ ಕಾಲಂ ನೆಟ್ಟಗೆ ನಿಲ್ಲಿಸ್ತೀನಿ ಅಂದಾಗ ಜೊತೆಯವರು ನಕ್ಕಿದ್ದರು. "ಇಂಗ್ಲಿಷಲ್ಲೇ ಹೊಡೆದು ಕೊಟ್ಟುಬಿಡು ಮಾರಾಯ" ಅಂದವರೇ ಹೆಚ್ಚು. ಈಗ ಅದೇ ಕೋಡ್ ಎಂಟು ತಿಂಗಳಿಂದ ಓಡ್ತಿದೆ.

ಮೊದಲು ಸಿ ಭಾಷೆಯಲ್ಲಿ ಬರೆದು, ಹೆಸರಿನ ಕಾಲಂಗೆ 20 ಅಗಲ ಕೊಟ್ಟು, ಅಚ್ಚು ಹಾಕುವ ಫಂಕ್ಷನ್ ಆದ ಪ್ರಿಂಟ್‌ಎಫ್ ಮಾಡಿದ್ದೆ. 'ರಾಷ್ಟ್ರ' ಬಂದ ಸಾಲಿನಲ್ಲಿ ಮೊತ್ತ ಹೆಸರಿಗೇ ಅಂಟಿಕೊಂಡಿತು. ಕಣ್ಣಿಗೆ ಎರಡಕ್ಷರ, ಒಳಗೆ ಏಳು ಕೋಡ್‌ಪಾಯಿಂಟ್ (ಯೂನಿಕೋಡ್ ಸಂಖ್ಯೆ), ಕಂಪ್ಯೂಟರ್ ಅದನ್ನು ಉಳಿಸುವ ಯುಟಿಎಫ್-8 ರೂಪದಲ್ಲಿ 21 ಬೈಟ್. ಆ ಫಂಕ್ಷನ್ ಎಣಿಸೋದು ಬೈಟು, 20 ದಾಟಿದೆ ಅಂತ ಒಂದು ಸ್ಪೇಸೂ ಹಾಕಲಿಲ್ಲ. 20ಕ್ಕೆ ಕತ್ತರಿಸಿದರೆ ಕೊನೆಯ ರಕಾರದ ಮೂರನೇ ಬೈಟ್ ಹಾರಿ, ಒತ್ತಿನ ಜಾಗದಲ್ಲಿ ಪ್ರಶ್ನೆಚಿಹ್ನೆ ಕೂತಿತು. ಪೈಥಾನ್ ಏಳು ಅಂತ ಎಣಿಸಿ 13 ಸ್ಪೇಸ್ ತುಂಬಿತು. ಕಣ್ಣಿಗೆ ಕಾಣುವ ಅಕ್ಷರ ಎಣಿಸಬೇಕಾದ ಗ್ರಾಫೀಮ್ ಲೈಬ್ರರಿ ನಾಲ್ಕು ಅಂದಿತು. ಕಾಲಂ ಮಾತ್ರ ಎಲ್ಲದರಲ್ಲೂ ಸೊಟ್ಟ.

ಇಷ್ಟರಲ್ಲಿ ಆರು ವಾರ ಹೋಯಿತು. ಕೆಲಸ ಕೊಟ್ಟವರು ಕೊನೆಯ ಕಂತಿನ ದುಡ್ಡು ತಡೆಹಿಡಿದರು, ಪರೀಕ್ಷೆಗೆ ಹತ್ತು-ಹನ್ನೆರಡು ರೋಲ್ ಪೇಪರ್ ನನ್ನ ಕೈಯಿಂದಲೇ. ಎಲ್ಲ ಅಕ್ಷರಕ್ಕೂ ಒಂದೇ ಅಗಲದ ಫಾಂಟ್ ಮಾಡೋಣ ಅಂತ ಒಂದು ಭಾನುವಾರ ಹಾಳು ಮಾಡಿದೆ. 'ಷ್ಟ್ರ' ಹಿಂಡಿ ಹಿಪ್ಪೆಯಾಗಿ ಕಾಣಿಸಿತು, ಅಲ್ಲಿಗೇ ಬಿಟ್ಟೆ.

ಆಮೇಲೆ ಹೊಳೆದದ್ದು ಇಷ್ಟೇ: ಅಕ್ಷರ ಎಣಿಸಲೇಬಾರದು, ಚುಕ್ಕೆ ಅಳೆಯಬೇಕು. 80 ಮಿ.ಮೀ. ಥರ್ಮಲ್ ಪ್ರಿಂಟರಿನಲ್ಲಿ ಸಾಲಿಗೆ 576 ಚುಕ್ಕೆ. ಪ್ರತಿ ತುಣುಕನ್ನೂ ಅಕ್ಷರ ಜೋಡಿಸುವ ಲೈಬ್ರರಿಯಾದ ಹಾರ್ಫ್‌ಬಜ್‌ಗೆ ಕೊಟ್ಟು, ಒತ್ತು-ಕೊಂಬು ಎಲ್ಲ ಕೂಡಿಸಿದ ಮೇಲಿನ ಅಗಲ ತಗೊಂಡೆ. ಮೊತ್ತದ ಅಗಲ 94 ಬಂದರೆ 576ರಲ್ಲಿ ಅದನ್ನು ಕಳೆದು 482ರಿಂದ ಶುರು, ಅಷ್ಟೇ. ಇಡೀ ಸಾಲನ್ನು ಚಿತ್ರವಾಗಿ ಕಳಿಸಿದೆ, ಪ್ರಿಂಟರಿನೊಳಗಿನ ಅಕ್ಷರಪಟ್ಟಿಯಾದ ಕೋಡ್‌ಪೇಜ್ ಗೋಳೇ ಇಲ್ಲ. ಉರ್ದು ಮಾತ್ರ ಬಲದಿಂದ ಎಡಕ್ಕೆ. ದಿಕ್ಕು ಬೇರೆ ಬೇರೆ ಇರುವ ತುಣುಕುಗಳನ್ನು ಮೊದಲೇ ಬಿಡಿಸಿಕೊಳ್ಳಬೇಕು. ಮುದ್ರಣ ಒಂಚೂರು ನಿಧಾನವಾಯಿತು, ಯಾರೂ ದೂರಲಿಲ್ಲ.

ಉದ್ದದ ಹೆಸರನ್ನು ಒತ್ತು ಮುರಿಯದೆ ಎಲ್ಲಿ ಕತ್ತರಿಸಬೇಕು ಅನ್ನೋದಕ್ಕೆ ಮೂವತ್ತು ಸಾಲಿನ ಫಂಕ್ಷನ್ ಬರೆದಿದ್ದೇನೆ. ಅದು ನನ್ನ ಹತ್ತಿರವೇ ಇರಲಿ.

ಒಂದು ಎಚ್ಚರಿಕೆ ಕೊಡ್ತೀನಿ. ಕಾಣದ ಅಕ್ಷರ ಎಲ್ಲ ಕಸ ಅಂತ ಗುಡಿಸಿಬಿಟ್ಟಿದ್ದೆ, ಅದರಲ್ಲಿ ಒತ್ತಿನ ರೂಪ ನಿರ್ಧರಿಸುವ ಕಾಣದ ಅಕ್ಷರ ಝಡ್‌ಡಬ್ಲ್ಯುಜೆ (ಝೀರೋ ವಿಡ್ತ್ ಜಾಯ್ನರ್) ಕೂಡ ಹೋಯಿತು. ಮಾರನೇ ದಿನ 'ರ‍್ಯಾಂಕ್' ಇದ್ದಲ್ಲೆಲ್ಲ ರಕಾರ ಅರ್ಕಾವತ್ತಾಗಿ ಹಿಂದಕ್ಕೆ ಹೋಗಿ ಕೂತಿತ್ತು. ತಡೆಹಿಡಿದಿದ್ದ ಕಂತು ಬಂದದ್ದು ಅದನ್ನೂ ಸರಿಮಾಡಿದ ಮೇಲೆಯೇ.